ಕಿತ್ತಿಟ್ಟ ಬಲ್ಬು

ಕುಷ್ಟಗಿ
14 ಜನವರಿ 2005

ಶ್ರೀ ಮರ್ದಾನಸಾಬ, ಮೆಕ್ಯಾನಿಕ್, ಗಂಗಾವತಿ, ಇವರಿಗೆ,

ಸಂಘದ ವ್ಯಾನನ್ನು ಲಾರಿಯ ಮೇಲೆ ಹೇರಿ ನಿಮ್ಮ ಗ್ಯಾರೇಜಿಗೆ ಕಳಿಸಿದ್ದೇನೆ. ಮುಂದಿನ ಗಾಜು ಒಡೆದಿದೆ, ಎಡಗಡೆ ಬಾಗಿಲು ಒಳಗೆ ಹೋಗಿದೆ, ಒಂದು ಚಕ್ರ ಸೊಟ್ಟಾಗಿದೆ. ನೆಟ್ಟಗೆ ಮಾಡಿಕೊಡಿ. ಫೋನ್ ಮಾಡಬೇಡಿ. ಫೋನಿನಲ್ಲಿ ನಾವಿಬ್ಬರೂ ಕೂಗಾಡುತ್ತೇವೆ, ಆಮೇಲೆ ಯಾರು ಏನು ಅಂದರೆಂದು ಯಾರಿಗೂ ನೆನಪಿರುವುದಿಲ್ಲ. ಸಂಘದ ಕೆಲಸ ಕಾಗದದ ಮೇಲೆ ಇರಲಿ. ಮೂವತ್ತೈದನೇ ವಯಸ್ಸಿಗೆ ಸಾಕ್ಷರತೆಯ ಸಾಲಿಯಲ್ಲಿ ಕೂತು ಅಕ್ಷರ ಕಲಿತದ್ದು ಇದಕ್ಕೇ.

ಏನಾಯಿತೆಂದು ನಿಮಗೂ ಮುಟ್ಟಿರುತ್ತದೆ. ಆದರೂ ಬರೆಯುತ್ತೇನೆ. ಹತ್ತನೇ ತಾರೀಖು ಕೊಪ್ಪಳದಲ್ಲಿ ಸಾರಾಯಿ ಅಂಗಡಿಗಳನ್ನು ಮುಚ್ಚಿಸಲು ನಮ್ಮ ಧರಣಿ. ಬೆಳಗಿನ ಐದಕ್ಕೆ ಹನುಮಸಾಗರದಿಂದ ಹೊರಟೆವು. ಎಂಟು ಮಂದಿ ಹೆಂಗಸರು, ಸ್ಟೇರಿಂಗಿಗೆ ನನ್ನ ತಮ್ಮ ಮುದುಕಪ್ಪ. ಬೇವೂರು ದಾಟಿದ ಮೇಲೆ ಒಂದು ತಿರುವು. ರಸ್ತೆ ತಿರುಗಿತು, ವ್ಯಾನ್ ತಿರುಗಲಿಲ್ಲ, ನೆಟ್ಟಗೆ ಕಡಲೆ ಹೊಲಕ್ಕೆ ಹೋಯಿತು. ಪಾರ್ವತೆಮ್ಮನ ಕೈ ಮುರಿಯಿತು. ಇಳಿದು ನೋಡಿದರೆ ಇವನು ನಿಲ್ಲಲಾರ. ಕಣ್ಣು ಕೆಂಡ, ನಾಲಿಗೆ ತೊದಲು. ಬದುವಿನ ಮೇಲೆ ಕೂತು ವಾಂತಿ ಮಾಡಿದ. ಎಂಟು ವರ್ಷ ಬಾಯಿಗೆ ಹನಿ ಸೋಕಿಸದವನು ಧರಣಿಯ ದಿನವೇ ಕುಡಿದು ಬಂದ. ಎರಡು ವಾರದಿಂದ "ತಲಿ ಹಿಡದೈತಿ ಅಕ್ಕಾ, ತಲಿ ಸಿಡೀತೈತಿ" ಅನ್ನುತ್ತಿದ್ದ. ಕುಡಿದವರ ಬೆಳಗಿನ ತಲೆನೋವು ನನಗೆ ಗೊತ್ತಿಲ್ಲವೇ? ಅಪ್ಪನನ್ನು ಕಂಡಿದ್ದೇನೆ, ಗಂಡನನ್ನು ಹೂಳಿದ್ದೇನೆ.

ಬಸ್ಸು ಹಿಡಿದು ನಾವು ಕೊಪ್ಪಳ ಮುಟ್ಟುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು. ಸಾರಾಯಿ ಕಾಂಟ್ರಾಕ್ಟರನ ಕಡೆಯವನೊಬ್ಬ ರಸ್ತೆಯ ಆಚೆಯಿಂದ ಕೂಗಿದ: "ಯಕ್ಕಾ, ನಮ್ಮ ಅಂಗಡಿ ಮುಚ್ಚಸಾಕ ನಮ್ಮ ಗಿರಾಕಿ ಗಾಡ್ಯಾಗ ಬಂದೀರಲ್ಲ!" ಪೊಲೀಸರೂ ನಕ್ಕರು. ನನಗೂ ತಲೆ ತಿರುಗಿ ಎರಡು ಸಲ ವಾಂತಿಯಾಗಿತ್ತು, ಹಸಿದ ಹೊಟ್ಟೆ. ತಿರುಗಿ ಬಯ್ಯಲು ಬಾಯಲ್ಲಿ ಶಕ್ತಿ ಇರಲಿಲ್ಲ.

ಹನ್ನೆರಡನೇ ತಾರೀಖು ಸಭೆ. ನಮ್ಮ ಆಣೆ ನಿಮಗೆ ನೆನಪಿರಬೇಕು, ನೀವೂ ಮಾಡಿದವರು: "ಕುಡಿಯುವುದಿಲ್ಲ. ಕಂಡದ್ದನ್ನು ಬಚ್ಚಿಡುವುದಿಲ್ಲ." ಆಣೆ ಮಾಡಿದವರ ಹೆಸರು ಆಫೀಸಿನ ಬೀದಿಗೋಡೆಯ ಮೇಲೆ, ಮುರಿದವರ ಹೆಸರಿಗೆ ಡಾಂಬರು. ನಿಯಮ ಮಾಡಿದವಳು ನಾನು. ತಮ್ಮನೆಂದು ಬಿಡಲಿಲ್ಲ, ನನ್ನ ಕೈಯಿಂದಲೇ ಬಳಿದೆ.

ಕಾಂಟ್ರಾಕ್ಟರನ ಜೀಪಿಗೂ ನಿಮ್ಮ ಗ್ಯಾರೇಜಿನಲ್ಲಿ ಜಾಗ ಇದೆ ಎಂದು ತಿಳಿದ ದಿನದಿಂದ ನಾನು ಅಲ್ಲಿಗೆ ಕಾಲಿಟ್ಟಿಲ್ಲ, ಇಡುವುದೂ ಇಲ್ಲ. ಆದರೆ ನಿಮ್ಮ ಕೈಗುಣದ ಬಗ್ಗೆ ತಕರಾರಿಲ್ಲ. ನವೆಂಬರಿನಲ್ಲಿ ನೀವು ಕೊನೆಯ ಸಲ ಮುಟ್ಟಿದ ಮೇಲೆ ಆ ಎಂಜಿನ್ ದೀಪ ಮತ್ತೆ ಹತ್ತಲಿಲ್ಲ. ಇದನ್ನೂ ಹಾಗೆ ಚೊಕ್ಕ ಮಾಡಿ.

ಹೋರಾಟದ ವಂದನೆಗಳು.
ಹಂಪವ್ವ
ಅಧ್ಯಕ್ಷೆ, ಸಾರಾಯಿ ವಿರೋಧಿ ಸಂಘ


ಗಂಗಾವತಿ
22 ಜನವರಿ 2005

ಹಂಪಕ್ಕನಿಗೆ ಮರ್ದಾನನ ಸಲಾಂ.

ಹನ್ನೆರಡು ವರ್ಷದಲ್ಲಿ ಮೊದಲ ಸಲ "ಶ್ರೀ" ಹಚ್ಚಿ ಬರೆದಿದ್ದೀರಿ. ನನ್ನ ಹೆಂಡತಿ ಬಾನುಬೀ ಓದಿಸಿ ಕೇಳಿ, "ಇದು ಬ್ಯಾರೆ ಯಾರದೋ ಕಾಗದ ಐತಿ, ವಾಪಸ್ ಕಳಸ್ರಿ" ಅಂದಳು.

ವ್ಯಾನ್ ಬಂದಿದೆ. ಗಾಜು, ಬಾಗಿಲು, ಚಕ್ರಕ್ಕೆ ಹದಿನೈದು ದಿನ ಸಾಕು. ಆದರೆ ಕೆಲವು ವಿಷಯ ತಿಳಿಸಿ. ನಿಮಗೆ ವಾಂತಿಯಾಯಿತೆಂದು ಬರೆದಿದ್ದೀರಿ. ಇನ್ನು ಯಾರಿಗಾದರೂ ಆಯಿತೇ? ಯಾರು ಎಲ್ಲಿ ಕೂತಿದ್ದರು? ಗಾಜುಗಳು ಇಳಿಸಿದ್ದವೋ ಏರಿಸಿದ್ದವೋ? ಯಾರು ನಿದ್ದೆ ಹೋಗಿದ್ದರು, ಯಾರು ಎಚ್ಚರವಿದ್ದರು? ಸುಮ್ಮನೆ ಕೇಳುತ್ತಿಲ್ಲ. ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ಬರೆಯಲು ಇವತ್ತು ಕೈ ಬರುತ್ತಿಲ್ಲ.

ಮುದುಕಪ್ಪ ಇಲ್ಲೇ ಇದ್ದಾನೆ. ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾನೆ. ನಲವತ್ತೈದಕ್ಕೆ ಚೀಲ ಹೊರುವ ಕೆಲಸ ಶುರು ಮಾಡಿದರೆ ಬೆನ್ನು ಎಷ್ಟು ದಿನ ಬಂದೀತು? ಡ್ರೈವರ್ ಕೆಲಸ ಕೊಡಿಸುತ್ತೇನೆಂದರೆ, "ಸ್ಟೇರಿಂಗ್ ಮುಟ್ಟೂದಿಲ್ಲ" ಅನ್ನುತ್ತಾನೆ. ನಿನ್ನೆ ಗೇಟಿನ ಹೊರಗೆ ನಿಂತು ವ್ಯಾನನ್ನೇ ನೋಡುತ್ತಿದ್ದ.

"ಒಳಗ ಬಾರೋ, ಚಾ ಕುಡಿ," ಅಂದೆ.

"ಕುಡಿಯೂದು ಬಿಟ್ಟು ಎಂಟು ವರ್ಷ ಆತಣ್ಣ," ಅಂದು ಹೊರಟುಹೋದ.

ಜೀಪಿನ ಮಾತಿಗೆ ಉತ್ತರ: ಅದರ ಬ್ರೇಕ್ ಕೆಟ್ಟಿತ್ತು. ಹಾಗೇ ಬಿಟ್ಟಿದ್ದರೆ ಸಾಯುತ್ತಿದ್ದದ್ದು ಕಾಂಟ್ರಾಕ್ಟರ್ ಅಲ್ಲ, ರಸ್ತೆಯ ಮೇಲೆ ನಡೆಯುವ ನಮ್ಮಂಥವರು. ಅದಕ್ಕೆ ಮಾಡಿದೆ. ಮತ್ತೆ ಬಂದರೂ ಮಾಡುತ್ತೇನೆ.

ನಿಮ್ಮ
ಮರ್ದಾನ


ಕುಷ್ಟಗಿ
3 ಫೆಬ್ರವರಿ 2005

ಮರ್ದಾನಸಾಬ ಅವರಿಗೆ,

ಗ್ಯಾರೇಜ್ ಬಿಟ್ಟು ವಕೀಲಿ ಶುರು ಮಾಡಿದಿರಾ? ಯಾರು ಎಲ್ಲಿ ಕೂತಿದ್ದರು, ಯಾರು ಮಲಗಿದ್ದರು ಅಂತ ಕೇಳುತ್ತೀರಿ. ನೀವು ಅವನಿಗೊಂದು ನೆಪ ಹುಡುಕುತ್ತಿದ್ದೀರಿ. ಹದಿಮೂರು ವರ್ಷ ಈ ಕೆಲಸ ಮಾಡಿದ್ದೇನೆ. ಕುಡುಕನಿಗೆ ನೆಪ ಒದಗಿಸುವವರು ಕುಡುಕನಿಗಿಂತ ಹೆಚ್ಚು ಮಂದಿ. "ಮೈ ನೋಯ್ತಿತ್ತು ಕುಡದಾನ", "ಮಗ ಸತ್ತಿದ್ದ ಕುಡದಾನ". ಈಗ ನೀವು "ಗಾಡಿ ಸರಿ ಇರ್ಲಿಲ್ಲ ಕುಡದಾನ" ಅನ್ನುತ್ತೀರೇನು?

ಆದರೂ ಕೇಳಿದ್ದಕ್ಕೆ ಹೇಳುತ್ತೇನೆ. ಚಳಿ ಇತ್ತು, ಗಾಜು ಎಲ್ಲ ಏರಿಸಿತ್ತು. ಮುಂದೆ ಅವನ ಪಕ್ಕ ಪಾರ್ವತೆಮ್ಮ. ಕುಷ್ಟಗಿ ದಾಟುವಷ್ಟರಲ್ಲಿ ಅವಳು ಗೊರಕೆ ಹೊಡೆಯುತ್ತಿದ್ದಳು. ಅವಳ ಹಿಂದೆ ನಾನು. ನನಗೂ ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ. ಹೊಲದಲ್ಲಿ ನಿಂತ ಮೇಲೂ ಹೆಂಗಸರು ಏಳಲಿಲ್ಲ, ಕೆನ್ನೆಗೆ ಬಡಿದು ಎಬ್ಬಿಸಬೇಕಾಯಿತು. ಎಚ್ಚರವಿದ್ದವಳು ಹುಲಿಹೈದರದ ಪಂಪಮ್ಮ ಒಬ್ಬಳೇ. ಎಲ್ಲರಿಗಿಂತ ಹಿಂದೆ, ಒಡೆದ ಗಾಜಿಗೆ ರಟ್ಟು ಸಿಗಿಸಿದ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ "ಗಾಳಿ ಬರ್ತೈತಿ, ಥಂಡಿ ಹತ್ತೇತಿ" ಅಂತ ಗೊಣಗುತ್ತಿದ್ದಳು. ತಿರುವಿನಲ್ಲಿ "ಏ ಮುದುಕಪ್ಪಾ!" ಅಂತ ಕೂಗಿದವಳೂ ಅವಳೇ, ನನಗೆ ಎಚ್ಚರವಾದದ್ದು ಆ ಕೂಗಿಗೆ.

ಹೆಂಗಸರು ಹಿಂದಿನ ದಿನ ಹೊಲದ ಕೆಲಸ ಮಾಡಿ ಬಂದವರು, ದಣಿದಿದ್ದರು, ಮಲಗಿದರು. ಇದರಲ್ಲಿ ಏನು ಹುಡುಕುತ್ತೀರಿ? ನಾನೂ ದಣಿದಿದ್ದೇನೆ. ಈಗ ಯಾವ ಊರಿಗೆ ಹೋದರೂ ಅಂಗಡಿಯ ಬಾಗಿಲಲ್ಲಿ ಕೂತವರು ನನ್ನನ್ನಲ್ಲ, ನಾನು ಯಾವ ಗಾಡಿಯಲ್ಲಿ ಬಂದೆ ಎಂದು ನೋಡಿ ನಗುತ್ತಾರೆ. ಕೆಲಸ ಮುಗಿಸಿ ವ್ಯಾನ್ ಕಳಿಸಿ. ಅಷ್ಟು ಸಾಕು.

ವಂದನೆಗಳು.
ಹಂಪವ್ವ


ಗಂಗಾವತಿ
20 ಫೆಬ್ರವರಿ 2005

ಹಂಪಕ್ಕ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು. ಕೂತು ಓದಿ.

ಸೈಲೆನ್ಸರ್ ಪೈಪಿನೊಳಗೆ ಬೆರಳುದ್ದದ ಒಂದು ಸೆನ್ಸರ್ ಇರುತ್ತದೆ. ಅದು ಒಂದು ಮೂಗು ಅಂತಿಟ್ಟುಕೊಳ್ಳಿ. ಎಂಜಿನ್ ಬಿಟ್ಟ ಹೊಗೆಯಲ್ಲಿ ಸುಡದೆ ಉಳಿದ ಗಾಳಿ ಎಷ್ಟಿದೆ ಎಂದು ಮೂಸಿ, ಗಾಡಿಯ ಕಂಪ್ಯೂಟರ್ ಡಬ್ಬಿಗೆ ಹೇಳುವುದು ಅದರ ಕೆಲಸ. ಗಾಳಿ ಹೆಚ್ಚು ಕಂಡರೆ, ಪೆಟ್ರೋಲ್ ಸಾಲುತ್ತಿಲ್ಲ ಎಂದು ಲೆಕ್ಕ. ಅದಕ್ಕೆ ನಾವು "ಲೀನ್" ಅನ್ನುತ್ತೇವೆ. ಡಬ್ಬಿ ಪೆಟ್ರೋಲ್ ಹೆಚ್ಚು ಮಾಡುತ್ತದೆ. ಎಷ್ಟು ಹೆಚ್ಚು ಮಾಡಿದರೂ ಸೆನ್ಸರ್ ಲೀನ್ ಲೀನ್ ಅನ್ನುತ್ತಿದ್ದರೆ, ಎಂಜಿನ್ ದೀಪ ಹತ್ತುತ್ತದೆ.

ಅಕ್ಟೋಬರಿನಲ್ಲಿ ದೀಪ ಹತ್ತಿತೆಂದು ಮುದುಕಪ್ಪ ಗಾಡಿ ತಂದ. ವೈರ್ ಜೋಡಿಸಿ ದೀಪದ ಮಿಣುಕು ಎಣಿಸಿದೆ, ಮಿಣುಕಿನ ಲೆಕ್ಕವೇ ದೋಷದ ನಂಬರು. ಸೆನ್ಸರ್ ಲೀನ್ ಹೇಳುತ್ತಿತ್ತು. ಸೆನ್ಸರೇ ಕೆಟ್ಟಿದೆ ಎಂದು ಬದಲಿಸಿದೆ. ಇಪ್ಪತ್ತು ದಿನಕ್ಕೆ ಮತ್ತೆ ಹತ್ತಿತು, ಮತ್ತೊಂದು ಸೆನ್ಸರ್ ಹಾಕಿದೆ. ಮೂರು ದಿನಕ್ಕೆ ಮತ್ತೆ ಹತ್ತಿತು. ದೂರು ಹೇಳಿದವನನ್ನೇ ಎರಡು ಸಲ ಕಿತ್ತು ಹಾಕಿದೆನೇ ಹೊರತು, ದೂರು ಏನೆಂದು ನೋಡಲಿಲ್ಲ. ಸಂಘದಲ್ಲಿ ಹತ್ತು ವರ್ಷ ಕಲಿತು ಬಂದವನ ಕೆಲಸ ಇದು.

ಆಗ ನಿಮ್ಮ ಫೋನ್ ಬಂತು. ಫೋನಿನ ಮಾತು ನೆನಪಿರುವುದಿಲ್ಲ ಎಂದು ಬರೆದಿದ್ದೀರಿ. ನನಗೆ ನೆನಪಿದೆ. "ಆ ದೀಪ ನೋಡಿ ಹೆಣ್ಮಕ್ಕಳು ಗಾಡಿ ಹತ್ತಾಕ ಅಂಜ್ತಾರ. ಜಾಥಾ ಮುಂದೈತಿ. ಅದು ಆರಬೇಕು, ಮತ್ತ ಹತ್ತಬಾರದು. ಹೆಂಗ ಮಾಡ್ತಿಯೋ ಮಾಡು."

ಮಾಡಿದೆ. ಸ್ಟೇರಿಂಗಿನ ಮುಂದಿನ ಮೀಟರ್ ಬಿಚ್ಚಿ ಆ ದೀಪದ ಬಲ್ಬು ಕಿತ್ತು ಟೂಲ್ ಡಬ್ಬಿಯಲ್ಲಿಟ್ಟೆ. ಮುದುಕಪ್ಪನಿಗೂ ಹೇಳಲಿಲ್ಲ. "ಸರಿ ಆಗೇತಿ ಒಯ್ಯಿ" ಅಂದೆ.

ನಿಮ್ಮ ಎರಡನೇ ಕಾಗದ ಬಂದ ದಿನ, ಚಕ್ರ ನೆಟ್ಟಗಾದ ಮೇಲೆ, ಬಲ್ಬನ್ನು ತಿರುಗಿ ಸಿಗಿಸಿ ಎಂಟು ಹತ್ತು ಕಿಲೋಮೀಟರು ಓಡಿಸಿದೆ. ಹತ್ತಿತು. ನೀವು ಚೊಕ್ಕ ಅಂದ ಕೆಲಸ ಇದು.

ಈಗ ಕೇಳಿ. ಈ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಮುಂದೆ ಕೂತ ಪಾರ್ವತೆಮ್ಮ ಮೊದಲು ಮಲಗಿದಳು. ಹಿಂದೆ, ಗಾಳಿ ಬರುವ ಕಿಟಕಿಯ ಪಕ್ಕ ಕೂತ ಪಂಪಮ್ಮ ಮಲಗಲೇ ಇಲ್ಲ. ಸೆನ್ಸರಿಗಿಂತ ಮುಂಚೆ ಪೈಪಿನಲ್ಲಿ ಎಲ್ಲೋ ಸಂದು ಬಿಟ್ಟಿದೆ ಎಂದು ನನ್ನ ಅನುಮಾನ. ಆ ಸಂದಿನಿಂದ ಹೊರಗಾಳಿ ಒಳಗೆ ಹೋಗುತ್ತದೆ. ಅದನ್ನೇ ಮೂಸಿ ಸೆನ್ಸರ್ ಲೀನ್ ಅನ್ನುತ್ತದೆ. ಅದರ ಮಾತು ಕೇಳಿ ಡಬ್ಬಿ ಬೇಡದ ಪೆಟ್ರೋಲ್ ಸುರಿಯುತ್ತದೆ. ಅದು ಪೂರಾ ಉರಿಯದೆ ವಿಷದ ಹೊಗೆಯಾಗಿ ಅದೇ ಸಂದಿನಿಂದ ನಿಮ್ಮ ನಡುವೆ ಬರುತ್ತದೆ. ಅದರಲ್ಲಿ ಮನುಷ್ಯನನ್ನು ಕೆಡವುವ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ತಲೆ ಹಿಡಿಯುತ್ತದೆ, ಕಣ್ಣು ಮುಚ್ಚುತ್ತದೆ, ವಾಂತಿ ಬರುತ್ತದೆ, ನಾಲಿಗೆ ತೊದಲುತ್ತದೆ.

ಆದರೆ ಇದು ಅನುಮಾನ. ಸಂದು ಇನ್ನೂ ಸಿಕ್ಕಿಲ್ಲ. ಗಾಡಿ ನಿಲ್ಲಿಸಿ ಎಂಜಿನ್ ಓಡಿಸಿದರೆ ಎಲ್ಲ ಸರಿ ಇದೆ. ಸಿಗದೆ ನಾನು ಬಾಯಿ ಬಿಟ್ಟರೆ ನೀವು ನೆಪ ಅನ್ನುತ್ತೀರಿ, ಅನ್ನಬೇಕು ಕೂಡ.

ತಪ್ಪಿತಸ್ಥ
ಮರ್ದಾನ


ಗಂಗಾವತಿ
13 ಮಾರ್ಚ್ 2005

ಹಂಪಕ್ಕ,

ನಿಮ್ಮ ಉತ್ತರ ಬರಲಿಲ್ಲ. ಮೂರು ವಾರ ಅಂಚೆಯವನ ಸೈಕಲ್ ನೋಡುತ್ತ ಕೂತೆ. ಬರೆಯಬೇಡಿ ಬೇಕಾದರೆ, ಇದನ್ನು ಓದಿ.

ಸಂದು ಸಿಕ್ಕಿತು.

ಇಷ್ಟು ದಿನ ಸಿಗದಿದ್ದಕ್ಕೆ ಕಾರಣ ನನ್ನ ದಡ್ಡತನ. ಖಾಲಿ ಗಾಡಿಯನ್ನು ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದೆ. ಆ ಗಾಡಿ ಖಾಲಿ ಓಡಿದ್ದು ಯಾವಾಗ? ಎಂಟು ಮಂದಿಯನ್ನು ಹೊತ್ತು ಏರು ಹತ್ತುವ ಗಾಡಿ ಅದು. ಹೊರೆ ಇಲ್ಲದಾಗ ಸುಮ್ಮನಿದ್ದದ್ದು ಹೊರೆ ಬಿದ್ದಾಗ ಬಾಯಿ ಬಿಡುತ್ತದೆ. ಇದು ತಲೆಗೆ ಬಂದದ್ದೇ ಮಿಲ್ಲಿಗೆ ಹೋಗಿ ಮುದುಕಪ್ಪನನ್ನು ಕರೆದೆ. "ಐವತ್ತು ಕಿಲೋದ ಅಕ್ಕಿಚೀಲ ಎಂಟು ಬೇಕೋ. ಒಂದು ತಾಸಿಗೆ." ಯಾಕೆಂದು ಕೇಳಲಿಲ್ಲ. ಮಾಲೀಕನನ್ನು ಕೇಳಿ ತಳ್ಳುಗಾಡಿಯಲ್ಲಿ ತಂದ. ಒಂದೊಂದೇ ಬೆನ್ನ ಮೇಲೆ ಹೊತ್ತು ವ್ಯಾನಿನೊಳಗೆ ಇಳಿಸಿದ.

"ಇದು ಪಾರ್ವತೆಮ್ಮ," ಅಂದ ಮೊದಲನೆಯದಕ್ಕೆ. "ಇದು ಪಂಪಮ್ಮ, ಹಿಂದ ಹೋಗ್ಬೇಕು." ಎಲ್ಲರನ್ನೂ ಅವರವರ ಜಾಗದಲ್ಲಿ ಕೂರಿಸಿದ. ಕೊನೆಯ ಚೀಲ ಇಳಿಸುವಾಗ ಮುಗ್ಗರಿಸಿದ.

"ಇದ್ಯಾರೋ ಇಷ್ಟು ಭಾರ?"

"ಅಕ್ಕ."

"ಸಾವಕಾಶೋ, ಬೆನ್ನು ಹಿಡದೀತು."

"ಅಕ್ಕನ್ನ ಹೊತ್ತು ರೂಢಿ ಐತಿ ಬಿಡಣ್ಣ."

ಬಾನುಬೀ ಗ್ಯಾರೇಜಿನ ಹಿಂದಿನ ಅಡುಗೆಮನೆಯಿಂದ ನಕ್ಕಳು. ಅವನು ನಗಲಿಲ್ಲ.

ಪಾರ್ವತೆಮ್ಮನ ಚೀಲವನ್ನು ಹಿಂದಕ್ಕೆ ಸರಿಸಿ ಎಡಗಡೆ ಸೀಟು ಎತ್ತಿದೆ. ಚಕ್ರಗಳಿಗೆ ಕಲ್ಲು ಕೊಟ್ಟೆ, ಹ್ಯಾಂಡ್‌ಬ್ರೇಕ್ ಎಳೆದೆ. ಈಗ ಯಾರಾದರೂ ಡ್ರೈವರ್ ಸೀಟಿನಲ್ಲಿ ಕೂತು, ಗೇರ್ ಹಾಕಿ, ಕ್ಲಚ್ ಅರ್ಧ ಬಿಟ್ಟು ಎಳೆಸಬೇಕು. ಗಾಡಿ ಹೋಗಬಾರದು, ಎಂಜಿನ್ ಏರು ಹತ್ತಿದಂತೆ ಒದ್ದಾಡಬೇಕು. ನಾನು ಎಂಜಿನ್ ನೋಡಬೇಕು. ಮುದುಕಪ್ಪನ ಮುಖ ನೋಡಿದೆ.

"ಸ್ಟೇರಿಂಗ್ ಮುಟ್ಟೂದಿಲ್ಲ ಅಂತ ಹೇಳೀನಿ."

"ಮುಟ್ಟಬ್ಯಾಡ. ಪೆಡಲ್ಲಿಗೆ ಸ್ಟೇರಿಂಗ್ ಯಾಕ ಬೇಕು?"

ಕೂತ. ಗೇರ್ ಹಾಕಿದವನೇ ಕೈ ತೊಡೆಯ ಮೇಲೆ ಇಟ್ಟುಕೊಂಡ. ಕಾಲನ್ನಷ್ಟೇ ಕೊಟ್ಟ. ಕಿಟಕಿಯಿಂದ ಹೊರಗೆ ನೋಡುತ್ತಿದ್ದ.

ಸೆನ್ಸರಿನ ವೈರಿಗೆ ಮೀಟರ್ ಹಚ್ಚಿದ್ದೆ. ಮುಳ್ಳು ಮೇಲೆ ಕೆಳಗೆ ಆಡುತ್ತಿತ್ತು, ಆಡಬೇಕಾದ್ದೇ. ಕ್ಲಚ್ ಬಿಟ್ಟ. ಎಂಜಿನ್ ಒಂದು ಮಗ್ಗುಲಿಗೆ ವಾಲಿತು, ಅದನ್ನು ಹಿಡಿದಿಡುವ ರಬ್ಬರ್ ಹರಿದಿತ್ತು. ಎಂಜಿನ್ ವಾಲಿದೊಡನೆ ಪೈಪಿನ ಜೋಡಣೆ ಬಾಯಿ ತೆರೆಯಿತು. ಮೂರು ಬೋಲ್ಟಿನಲ್ಲಿ ಒಂದು ತುಂಡಾಗಿತ್ತು, ಸಂದು ಮುಚ್ಚುವ ಪ್ಯಾಕಿಂಗ್ ಸುಟ್ಟಿತ್ತು. ಫುಸ್, ಫುಸ್, ಫುಸ್. ತಂತಿಗೆ ಕಟ್ಟಿ ಹಿಡಿದ ನೂಲಿನ ಎಳೆ ಎಗರಿ ಎಗರಿ ಬಿತ್ತು. ಮೀಟರಿನ ಮುಳ್ಳು ತಳಕ್ಕೆ ಬಿದ್ದು ಏಳಲಿಲ್ಲ. ಲೀನ್. ಕ್ಲಚ್ ತುಳಿದ. ಎಂಜಿನ್ ನೆಟ್ಟಗಾಯಿತು, ಬಾಯಿ ಮುಚ್ಚಿತು, ಮುಳ್ಳು ಮತ್ತೆ ಆಡತೊಡಗಿತು. ನಾಲ್ಕು ಸಲ ಮಾಡಿಸಿದೆ. ನಾಲ್ಕು ಸಲವೂ ಅದೇ.

"ಮುದುಕಪ್ಪಾ, ಸಿಕ್ತೋ! ನೀ ಕುಡದಿರಲಿಲ್ಲಲೋ!" ಅಂತ ಕೂಗಿದೆ.

ಅವನು ಇಳಿದು ನನ್ನ ಮುಖ ನೋಡಿದ. "ಅದು ನನಗ ಗೊತ್ತಿತ್ತಲ್ಲಣ್ಣ," ಅಂದ. "ನಿನಗ ಇವತ್ತ ಗೊತ್ತಾತು." ಚೀಲ ಇಳಿಸಿಕೊಂಡು ಮಿಲ್ಲಿಗೆ ಹೋದ.

ಹೊಸ ಬೋಲ್ಟು, ಪ್ಯಾಕಿಂಗ್, ರಬ್ಬರ್ ಹಾಕಿದ್ದೇನೆ. ಬಲ್ಬು ಅದರ ಜಾಗದಲ್ಲಿದೆ. ನೆನಪಿಡಿ: ಕೀಲಿ ತಿರುವಿದಾಗ ಆ ದೀಪ ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಹತ್ತದೇ ಇರುವ ದೀಪವನ್ನು ನಂಬಬೇಡಿ.

ನಿಮ್ಮ
ಮರ್ದಾನ


ಕುಷ್ಟಗಿ
2 ಏಪ್ರಿಲ್ 2005

ಮರ್ದಾನಾ,

ನಿನ್ನ ಕೊನೆಯ ಎರಡು ಕಾಗದವೂ ನನ್ನ ದಿಂಬಿನ ಕೆಳಗಿವೆ. ಮೊದಲನೆಯದಕ್ಕೆ ಉತ್ತರ ಬರೆಯಲಿಲ್ಲ, ಏಕೆಂದರೆ ಅದನ್ನು ಓದಿದ ಕೂಡಲೇ ನಂಬಿಬಿಟ್ಟಿದ್ದೆ. ನಂಬಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಮೊನ್ನೆ ಸಭೆ ಕರೆದು, ಸಂದು ಸಿಕ್ಕಿತೆಂದು ಬರೆದ ನಿನ್ನ ಕಾಗದ ಓದಿದೆ. ಪಾರ್ವತೆಮ್ಮ ಪಟ್ಟಿ ಬಿಚ್ಚಿದ ಕೈಯನ್ನು ಮುಂದೆ ಚಾಚಿ, "ಹಂಗಾರ ನನ್ನ ಕೈ ಮುರದಾಂವ ಮುದುಕಪ್ಪ ಅಲ್ಲ, ಒಂದು ಬೋಲ್ಟು ಅನ್ರಿ" ಅಂದಳು. "ಬೋಲ್ಟಿಗೆ ಡಾಂಬರ್ ಹಚ್ಚೂಣೇನು?" ಅಂದಳು ಪಂಪಮ್ಮ. ಎಷ್ಟೋ ದಿನಗಳ ಮೇಲೆ ಹೆಂಗಸರು ನಕ್ಕರು. ಅವರಿಗೆ ಅಷ್ಟು ಹಗುರವಾಗಿತ್ತು. ಠರಾವು ಪಾಸಾಯಿತು: ಅಪಘಾತಕ್ಕೆ ವಾಹನದ ದೋಷ ಕಾರಣ, ಮುದುಕಪ್ಪನನ್ನು ಗೌರವದಿಂದ ತಿರುಗಿ ಕರೆಯುವುದು, ಡಾಂಬರು ತೆಗೆಯುವುದು. ಪ್ರತಿ ಇದರ ಜೊತೆಗಿದೆ, ಅವನಿಗೆ ಓದಿ ಹೇಳು.

ದೀಪ ಆರಿಸಲು ಹೇಳಿದವಳು ನಾನೆಂಬುದನ್ನೂ ಒಪ್ಪಿಕೊಂಡೆ. ಅದು ಸುಲಭವಾಯಿತು. ಎಂಜಿನ್ ವಿಷಯ, ಹೆಂಗಸಿಗೆ ಏನು ಗೊತ್ತು ಎಂದು ಎಲ್ಲರೂ ಮಾಫಿ ಮಾಡಿದರು.

ಆದರೆ ಒಂದು ಮಾತು ಉಳಿದಿದೆ. ಸಭೆಯಲ್ಲಿ ಹೇಳಲಿಲ್ಲ. ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಆ ದಿನ ಬದುವಿನ ಮೇಲೆ ಅವನ ಗದ್ದ ಹಿಡಿದು ಬಾಯಿಗೆ ಮೂಗು ಹಚ್ಚಿ ನೋಡಿದೆ. ವಾಸನೆ ಇರಲಿಲ್ಲ. ಸಾರಾಯಿ ವಾಸನೆ ನನಗೆ ತಪ್ಪುವುದಿಲ್ಲ ಮರ್ದಾನಾ, ಮೂರು ಮನೆ ಆಚೆ ಕುಡಿದರೂ ಹೇಳುತ್ತೇನೆ. ಇರಲಿಲ್ಲ. ಆಗಲೇ ತಲೆಯಲ್ಲಿ ಇನ್ನೊಂದು ಮಾತು ಎದ್ದಿತು: ಇದನ್ನು ನಾನು ಹೇಳಿದರೆ, "ಊರವರ ಗಂಡಂದಿರಿಗೆ ಡಾಂಬರು ಹಚ್ಚತಾಳ, ತಮ್ಮನ್ನ ಉಳಸ್ಕೊತಾಳ" ಅನ್ನುತ್ತಾರೆ. ನುಂಗಿಕೊಂಡೆ. ಸಭೆಯಲ್ಲಿ ಕಣ್ಣು ಕೆಂಪಗಿತ್ತು ಅಂದೆ, ನಾಲಿಗೆ ತೊದಲಿತು ಅಂದೆ, ವಾಂತಿ ಮಾಡಿದ ಅಂದೆ. ಒಂದೂ ಸುಳ್ಳಲ್ಲ. ವಾಸನೆಯ ಮಾತು ಮಾತ್ರ ಹೇಳಲಿಲ್ಲ. ನನ್ನ ನಿಷ್ಠುರಕ್ಕೆ ಹೆಂಗಸರು ಕಣ್ಣೀರು ಹಾಕಿದರು, ಅದು ನನಗೆ ಹಿತವಾಯಿತು.

ಬಲ್ಬು ಕಿತ್ತವನು ನೀನೊಬ್ಬನೇ ಅಲ್ಲ.

ಈ ಕಾಗದ ಓದಿ ಸುಟ್ಟುಬಿಡು.

ನಿನ್ನ
ಹಂಪಕ್ಕ


ಗಂಗಾವತಿ
17 ಏಪ್ರಿಲ್ 2005

ಅಕ್ಕಗ,

ಮರ್ದಾನಣ್ಣ ನಿಮ್ಮ ಠರಾವ ಓದಿ ಹೇಳಿದ. ನಿನ್ನ ಕಾಗದ ಓದಲಿಲ್ಲ. ತೋರಸು ಅಂದೆ, ಮಡಚಿ ಕಿಸೆದಾಗ ಇಟ್ಕೊಂಡ. ಅದರಾಗ ಏನೈತಿ ಅಂತ ಅವನ ಮಾರಿ ಮ್ಯಾಲೇ ಇತ್ತು.

ನಾ ಬರೂದಿಲ್ಲ.

ಗಾಡಿ ತಪ್ಪು ಅಂತ ಬರದೀರಿ. ಛಲೋ ಆತು. ಗಾಡಿಗೆ ನಾಲಿಗಿ ಇಲ್ಲ, ಇಲ್ಲ ಅಂತ ಅನ್ನೂದಿಲ್ಲ. ಆದ್ರ ಅವತ್ತ ಸಭಾದಾಗ ಗಾಡಿ ಕುಂತಿತ್ತೇನು? ಡಾಂಬರ ಡಬ್ಬಿ ಗಾಡಿ ಹಿಡದಿತ್ತೇನು?

ಬದುವಿನ ಮ್ಯಾಲೆ ನನಗ ಎಚ್ಚರ ಇತ್ತಕ್ಕ. ತಲಿ ಗಿರ್ರ್ ಅಂತಿತ್ತು, ಕಾಲು ನನ್ನವಲ್ಲ ಅನಸತಿತ್ತು, ಆದ್ರ ಎಚ್ಚರ ಇತ್ತು. ನೀ ಬಂದಿ. ಗದ್ದ ಹಿಡದಿ. ಮೂಗು ಹಚ್ಚಿದಿ. ಸಣ್ಣಾಂವ ಇದ್ದಾಗ ನಾ ಬೀಡಿ ಸೇದಿ ಬಂದ್ರ ಹಿಂಗ ನೋಡ್ತಿದ್ದಿ. ನಿನ್ನ ಮಾರಿ ಒಮ್ಮೆ ಸಡಿಲಾತು, ನಾ ನೋಡೀನಿ. ಅಕ್ಕಗ ತಿಳೀತು, ಇನ್ನ ಚಿಂತಿಲ್ಲ ಅನ್ಕೊಂಡೆ.

ಅದಕ್ಕ ಸಭಾದಾಗ ನಾ ಬಾಯಿ ತಗೀಲಿಲ್ಲ. ಅಂಜಿ ಅಲ್ಲ. ನೀ ಹೇಳ್ತಿ ಅಂತ ಕುಂತಿದ್ದೆ. ನೀ ಕಣ್ಣು ಅಂದಿ, ನಾಲಿಗಿ ಅಂದಿ. ಈಗ ಹೇಳ್ತಾಳ, ಈಗ ಹೇಳ್ತಾಳ ಅಂತ ನೋಡಿದೆ. ಬ್ರಷ್ ಅದ್ದಿದಾಗೂ ನೋಡಿದೆ. ನನ್ನ ಹೆಸರಿನ ಕಡೀ ಅಕ್ಷರ ಮುಚ್ಚೂತನ ನೋಡಿದೆ.

ಅವತ್ತಿಂದ ಇವತ್ತಿನತನ ಅದನ್ನ ಕಾಯಾಕ ಹತ್ತೀನಿ. ಬೋಲ್ಟು ಸಿಗೂದನ್ನ ಅಲ್ಲ.

ಗಾಡಿ ಕೀಲಿ ಮರ್ದಾನಣ್ಣನ ಕಡೆ ಐತಿ. ಡಾಂಬರ ಇರ್ಲಿ, ತಗೀಬ್ಯಾಡ್ರಿ. ತಗದ್ರ ಅಲ್ಲಿ ಏನೂ ಆಗಿಲ್ಲ ಅಂದಂಗ ಆಕೈತಿ.

ಮುದುಕಪ್ಪ


ಕುಷ್ಟಗಿ
1 ಮೇ 2005

ತಮ್ಮ ಮುದುಕಪ್ಪನಿಗೆ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಹತ್ತು ದಿನ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಇವತ್ತು ಮೇ ದಿನದ ಸಭೆ. ಹನುಮಸಾಗರ, ಬೇವೂರು, ಹುಲಿಹೈದರ, ಯಲಬುರ್ಗಾ, ಎಲ್ಲ ಕಡೆಯಿಂದ ಜನ ಬಂದಿದ್ದರು. ಭಾಷಣ ಮಾಡಲು ಎದ್ದು ನಿಂತೆ, ಭಾಷಣ ಬರಲಿಲ್ಲ. ಗಂಟು ಬಿಚ್ಚಿ ನಿನ್ನ ಕಾಗದವನ್ನೇ ಓದಿದೆ. ಪೂರಾ ಓದಿದೆ. ಬೀಡಿಯ ಮಾತೂ ಓದಿದೆ.

ಮಡಚಿ ಮತ್ತೆ ಸೆರಗಿಗೆ ಕಟ್ಟಿದೆ. ಆಮೇಲೆ ಪಾರ್ವತೆಮ್ಮ ಎದ್ದಳು. "ಇಷ್ಟು ದಿನ ಹೊಟ್ಟ್ಯಾಗ ಇಟ್ಕೊಂಡು ಕುಂತಿದ್ದೇನಬೇ? ನನ್ನ ಕೈಗೆ ಎಣ್ಣಿ ತಿಕ್ಕಾಕ ದಿನಾ ಬರ್ತಿದ್ದಿ, ತಿಕ್ಕತಿದ್ದಿ, ಒಂದ್ ಮಾತ್ ಹೇಳಲಿಲ್ಲ!" ಅಂದಳು. ಬಯ್ದಳು. ಬಹಳ ಬಯ್ದಳು. ನಿಂತು ಕೇಳಿದೆ.

ಆಣೆಯ ಎರಡನೇ ಮಾತು "ಕಂಡದ್ದನ್ನು ಬಚ್ಚಿಡುವುದಿಲ್ಲ." ಹದಿಮೂರು ವರ್ಷದಲ್ಲಿ ಆ ಮಾತು ಮುರಿದದ್ದಕ್ಕೆ ಯಾರಿಗೂ ಡಾಂಬರು ಬಳಿದಿಲ್ಲ, ಅದನ್ನೂ ಮುರಿಯಬಹುದು ಎಂದು ನಮಗೆ ಹೊಳೆದೇ ಇರಲಿಲ್ಲ. ಗೋಡೆಯ ಮೇಲೆ ಮೊದಲನೇ ಹೆಸರು ನನ್ನದು. ಅದೇ ಡಬ್ಬಿ, ಅದೇ ಬ್ರಷ್. ಕೆಲವರು ಕೈ ಹಿಡಿಯಲು ಬಂದರು. ಪಂಪಮ್ಮ ಅವರನ್ನು ತಡೆದು, "ಬಿಡ್ರಿ, ನಿಯಮ ಆಕೀದೇ ಐತಿ, ಹಚ್ಕೊಳ್ಳಿ" ಅಂದಳು. ಬಳಿದೆ. ಕಾಂಟ್ರಾಕ್ಟರನ ಕಡೆಯವರಿಬ್ಬರು ಚಹಾದಂಗಡಿಯಲ್ಲಿ ನಿಂತು ನೋಡುತ್ತಿದ್ದರು. ನಗಲಿಲ್ಲ. ನಕ್ಕಿದ್ದರೂ ನನಗೆ ಏನೂ ಅನಿಸುತ್ತಿರಲಿಲ್ಲ. ಅಷ್ಟು ದಣಿದಿದ್ದೇನೆ.

ಅಧ್ಯಕ್ಷಗಿರಿ ಬಿಟ್ಟಿದ್ದೇನೆ. ಸಂಘ ಪಾರ್ವತೆಮ್ಮ ನೋಡಿಕೊಳ್ಳುತ್ತಾಳೆ. ವ್ಯಾನನ್ನು ಮರ್ದಾನನೇ ಓಡಿಸಿಕೊಂಡು ಬಂದು ಬಿಟ್ಟುಹೋದ. ಪಾರ್ವತೆಮ್ಮ ಸೊಟ್ಟ ಕೈಯನ್ನು ಬಾಗಿಲಿಗೆ ಊರಿ, ಒಳಗೆ ತಲೆ ಹಾಕಿ, ಅವನಿಗೆ "ಮದಲ ಕೀಲಿ ತಿರುವ್ರಿ, ದೀಪ ತೋರಸ್ರಿ, ಆಮ್ಯಾಲೆ ಹತ್ತತೀವಿ" ಅಂದಳು. ಹತ್ತಿತು. ಎಂಜಿನ್ ಶುರುವಾಯಿತು, ದೀಪ ಆರಿತು. ಆದರೂ ಗಾಜು ಇಳಿಸದೆ ಒಬ್ಬಳೂ ಕೂರಲಿಲ್ಲ.

ನಿನ್ನ ಹೆಸರಿನ ಡಾಂಬರು ತೆಗೆದಿಲ್ಲ. ಹೆಂಗಸರು ಇವತ್ತೇ ಒರೆಸುತ್ತೇವೆಂದು ಸೀಮೆಎಣ್ಣೆ, ಅರಿವೆ ತಂದಿದ್ದರು. ಬೇಡವೆಂದೆ. ಎರಡನ್ನೂ ಆಫೀಸಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಒರೆಸಬೇಕೋ, ಹಾಗೇ ಇರಬೇಕೋ, ನನ್ನದನ್ನೂ ಇನ್ನೊಂದು ಸಲ ಬಳಿಯಬೇಕೋ, ನಿನಗೆ ಬಿಟ್ಟದ್ದು.

ಬಾ ಅನ್ನುವ ಹಕ್ಕು ನನಗೆ ಉಳಿದಿಲ್ಲ. ಗೋಡೆ ಬೀದಿಯ ಕಡೆಗಿದೆ, ನನ್ನ ಬಾಗಿಲು ಬಡಿಯದೆಯೂ ಮುಟ್ಟಬಹುದು.

ಹಂಪವ್ವ